ಒಂದು ಹೆಸರು, ಎರಡು ಫೋನು, ಒಂದು ಬೀಗದ ಕೈ

2012ರ ಮಳೆಗಾಲ. ಡಿಪ್ಲೊಮಾ ಮುಗಿಸಿದ ನಾವು ಮೂವರು ಗೆಳೆಯರು ಬೇರೆ ಬೇರೆ ತಾಲ್ಲೂಕುಗಳಿಂದ ಪತ್ರಿಕೆಗೆ ಸುದ್ದಿ ಕಳಿಸಲು ಶುರು ಮಾಡಿದ ವರ್ಷ. ಮೂವರಲ್ಲಿ ಸ್ಮಾರ್ಟ್‌ಫೋನು ಇದ್ದದ್ದು ಒಬ್ಬನ ಹತ್ತಿರ ಮಾತ್ರ. ಆರು ಸಾವಿರ ರೂಪಾಯಿಯ ಆಂಡ್ರಾಯ್ಡ್. ಅದಕ್ಕಾಗಿ ಅವನ ತಾಯಿ ಸ್ತ್ರೀಶಕ್ತಿ ಸಂಘದಿಂದ ಸಾಲ ತೆಗೆದಿದ್ದರು. ಫೋಟೊ ಬರುತ್ತಿತ್ತು, ಮೇಲ್ ಹೋಗುತ್ತಿತ್ತು. ಕನ್ನಡ ಮಾತ್ರ ಬರುತ್ತಿರಲಿಲ್ಲ. ಅಕ್ಷರ ಇರಬೇಕಾದ ಕಡೆಯೆಲ್ಲ ಸಾಲಾಗಿ ಚೌಕದ ಡಬ್ಬಿಗಳು. ನಾವೇ ಬರೆದ ಸುದ್ದಿ ಪತ್ರಿಕೆಯ ವೆಬ್‌ಸೈಟಿನಲ್ಲಿ ಬಂದರೂ ನಮ್ಮ ಫೋನಿನಲ್ಲಿ ನಮಗೆ ಓದಲು ಆಗುತ್ತಿರಲಿಲ್ಲ.

ಆಗಿನವರಿಗೆ ಒಂದು ಉಪಾಯ ನೆನಪಿರಬಹುದು. ಒಪೆರಾ ಮಿನಿ ಬ್ರೌಸರ್ ಹಾಕಿಕೊಂಡು, ವಿಳಾಸದ ಜಾಗದಲ್ಲಿ ಒಂದು ಗುಟ್ಟಿನ ಪದ ಬರೆದರೆ ಒಳಗಿನ ಪಟ್ಟಿ ತೆರೆಯುತ್ತಿತ್ತು. ಅದರ ಕೊನೆಯಲ್ಲಿ ಒಂದು ಆಯ್ಕೆಯನ್ನು 'ಯೆಸ್' ಮಾಡಿದರೆ ಕನ್ನಡ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಓದಬಹುದಿತ್ತು. ಆದರೆ ಮೆಸೇಜಿನಲ್ಲಿ, ಫೇಸ್‌ಬುಕ್ ಆ್ಯಪಿನಲ್ಲಿ ಮತ್ತೆ ಅದೇ ಡಬ್ಬಿ.

ಫೋನನ್ನು ರೂಟ್ ಮಾಡಿ, ಕನ್ನಡ ಫಾಂಟ್ ಇರುವ ಬೇರೆ ಸಾಫ್ಟ್‌ವೇರ್ ಹೊಡೆದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ತಾಲ್ಲೂಕಿನ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಕೇಬಲ್ ಜೋಡಿಸಿದೆವು. ಅರ್ಧ ಆಗಿತ್ತು, ಕರೆಂಟು ಹೋಯಿತು. ಸೆಂಟರಿನ ಯುಪಿಎಸ್ ಯಾವತ್ತೋ ಸತ್ತಿತ್ತು. ಕರೆಂಟು ಬಂದ ಮೇಲೆ ನೋಡಿದರೆ ಫೋನು ಆನ್ ಆಗಲೇ ಇಲ್ಲ. ಇಂಗ್ಲಿಷಿನವರು ಇಂಥ ಫೋನಿಗೆ 'ಇಟ್ಟಿಗೆ' ಎನ್ನುತ್ತಾರಂತೆ, ಸರಿಯಾದ ಹೆಸರೇ. ಸರ್ವಿಸ್ ಸೆಂಟರಿಗೆ ಒಯ್ದರೆ ಕೌಂಟರಿನವರು ಒಂದೇ ಮಾತು ಹೇಳಿದರು: "ರೂಟ್ ಮಾಡೋಕೆ ಹೋಗಿದ್ದೀರಾ, ವಾರಂಟಿ ಬರಲ್ಲ." ಸಾಲದ ಕಂತು ಇನ್ನೂ ಏಳು ಬಾಕಿ ಇತ್ತು. ನಾವು ಮೂವರೂ ಹಂಚಿಕೊಂಡು ಕಟ್ಟಿದೆವು.

ದುಡ್ಡು ಕೊಟ್ಟು ಕೊಂಡ ಫೋನು ನಿಜಕ್ಕೂ ಯಾರದು ಎಂಬ ಪ್ರಶ್ನೆ ನಮಗೆ ಹುಟ್ಟಿದ್ದು ಆ ಕೌಂಟರಿನ ಮುಂದೆ. ಎರಡು ವರ್ಷ ಬಿಟ್ಟು, 2014ರ ಡಿಸೆಂಬರಿನಲ್ಲಿ, ಅದೇ ಪ್ರಶ್ನೆ ಬೇರೆ ವೇಷದಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಆ ಕತೆ ಕನ್ನಡದಲ್ಲಿ ಸರಿಯಾಗಿ ಬಂದಿಲ್ಲ ಅನ್ನಿಸಿ ಬರೆಯುತ್ತಿದ್ದೇವೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಜಗತ್ತಿನ ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದಲ್ಲಿ 2008ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂತು. ತಯಾರಿಸಿದ್ದು ಎಚ್‌ಟಿಸಿ, ಮಾರಿದ್ದು ಟಿ-ಮೊಬೈಲ್, ಹೆಸರು ಜಿ1. ಪರದೆಯನ್ನು ಸರಿಸಿದರೆ ಕೆಳಗೆ ಗುಂಡಿಗಳ ಕೀಬೋರ್ಡು. ಆಂಡ್ರಾಯ್ಡ್ ಎಲ್ಲರಿಗೂ ಮುಕ್ತ, ಅದರ ಮೂಲ ಬರಹವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು ಎಂದು ಗೂಗಲ್ ಹೇಳಿತ್ತು. ಮಾತು ಸುಳ್ಳಲ್ಲ. ಆದರೆ ಅಂಗಡಿಯಲ್ಲಿ ಕೊಂಡ ಜಿ1 ಫೋನಿಗೆ ತಿದ್ದಿದ್ದನ್ನು ಹಾಕಲು ಬಿಡುತ್ತಿರಲಿಲ್ಲ. ಬಾಗಿಲಿಗೆ ಬೀಗ.

ಆ ಬೀಗ ತೆರೆದದ್ದು ಒಂದು ತಮಾಷೆಯ ತಪ್ಪಿನಿಂದ. ಮಾರಾಟ ಶುರುವಾಗಿ ಕೆಲವೇ ವಾರಗಳಲ್ಲಿ ಜನ ಒಂದು ವಿಚಿತ್ರ ಗಮನಿಸಿದರು. ಕೀಬೋರ್ಡಿನಲ್ಲಿ 'ರೀಬೂಟ್' ಎಂಬ ಪದ ಬರೆದು ಎಂಟರ್ ಒತ್ತಿದರೆ ಫೋನು ನಿಜವಾಗಿಯೂ ಆಫ್ ಆಗಿ ಆನ್ ಆಗುತ್ತಿತ್ತು! ಮೆಸೇಜಿನಲ್ಲಿ ಏನೇ ಬರೆದರೂ ಆ ಅಕ್ಷರಗಳು ಕಣ್ಣಿಗೆ ಕಾಣದ ಇನ್ನೊಂದು ಕಡೆಗೂ ಹೋಗುತ್ತಿದ್ದವು. ಅಲ್ಲಿ ಕೂತಿದ್ದ ವ್ಯವಸ್ಥೆ ಅವನ್ನು ಯಜಮಾನನ ಆಜ್ಞೆ ಎಂದು ತಿಳಿದು ಪಾಲಿಸುತ್ತಿತ್ತು. ಗೂಗಲ್ ಆ ಕಿಂಡಿಯನ್ನು ಬೇಗ ಮುಚ್ಚಿತು. ಅಷ್ಟರಲ್ಲಿ ಒಳಗೆ ಹೋಗಬೇಕಾದವರು ಹೋಗಿ ಆಗಿತ್ತು.

ಹಾಗೆ ತೆರೆದ ಫೋನಿಗೆ ತಿದ್ದಿದ ಆಂಡ್ರಾಯ್ಡ್ ಕಟ್ಟಿಕೊಟ್ಟವರಲ್ಲಿ ಸ್ಟೀವ್ ಕೊಂಡಿಕ್ ಎಂಬ ಪ್ರೋಗ್ರಾಮರ್ ಒಬ್ಬರು. ಅವರ ಅಡ್ಡಹೆಸರು ಸೈನೊಜೆನ್. ಅವರು ಕಟ್ಟಿದ್ದಕ್ಕೆ ಸೈನೊಜೆನ್‌ಮಾಡ್ ಎಂಬ ಹೆಸರಾಯಿತು. 2009ರ ಸೆಪ್ಟೆಂಬರಿನಲ್ಲಿ ಗೂಗಲ್ ಅವರಿಗೆ ನೋಟಿಸ್ ಕಳಿಸಿತು. ಆಂಡ್ರಾಯ್ಡ್ ಮುಕ್ತ ಇರಬಹುದು, ಆದರೆ ಅದರ ಮೇಲಿರುವ ಮ್ಯಾಪ್, ಮೇಲ್, ಆ್ಯಪ್ ಅಂಗಡಿ ನಮ್ಮವು, ಅವನ್ನು ಹಂಚಬೇಡಿ ಎಂದು. ಕೊಂಡಿಕ್ ಅವನ್ನು ತೆಗೆದು ಉಳಿದದ್ದನ್ನು ಹಂಚಿದರು. ಕೆಲಸ ನಿಲ್ಲಲಿಲ್ಲ. ನೂರಾರು ಜನ ಸಂಬಳವಿಲ್ಲದೆ ಸೇರಿಕೊಂಡರು, ಹತ್ತಾರು ಕಂಪನಿಗಳ ಫೋನುಗಳಿಗೆ ಒಗ್ಗಿಸಿದರು. ಕಂಪನಿ ಕೈಬಿಟ್ಟ ಹಳೆ ಫೋನಿಗೂ ಹೊಸ ಆಂಡ್ರಾಯ್ಡ್ ಸಿಗತೊಡಗಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಫೋನು ಆನ್ ಆಗುವಾಗ ಮೊದಲು ಏಳುವ ಚಿಕ್ಕ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎನ್ನುತ್ತಾರೆ. ಒಳಗೆ ಬರುವ ಸಾಫ್ಟ್‌ವೇರಿಗೆ ಕಂಪನಿಯ ಸಹಿ ಇದೆಯೇ ಎಂದು ಅದು ನೋಡುತ್ತದೆ. ಸಹಿ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಹೊಲದ ಪಹಣಿ ನಿಮ್ಮ ಹೆಸರಿನಲ್ಲಿದೆ, ಕಂದಾಯ ಕಟ್ಟುವವರು ನೀವು. ಆದರೆ ಬಿತ್ತುವ ಬೀಜ ಮಾತ್ರ ಹೊಲ ಮಾರಿದವನ ಅಂಗಡಿಯದ್ದೇ ಆಗಿರಬೇಕು, ಅವನು ಅಂಗಡಿ ಮುಚ್ಚಿದರೆ ಹೊಲ ಬೀಳು ಬೀಳಬೇಕು ಎಂದರೆ ಹೇಗೆ? ಬೀಗ ಹಾಕಿದ ಬೂಟ್‌ಲೋಡರ್ ಹೆಚ್ಚುಕಡಿಮೆ ಹಾಗೆ.

ಬೀಗಕ್ಕೆ ಕಾರಣವೇ ಇಲ್ಲ ಎಂದಲ್ಲ. ಕದ್ದ ಫೋನಿಗೆ ಬೇರೆ ಸಾಫ್ಟ್‌ವೇರ್ ಹೊಡೆದು ಮಾರುವವರಿದ್ದಾರೆ, ಒಳಗೆ ವೈರಸ್ ಸೇರಿಸುವವರಿದ್ದಾರೆ. ಮನೆಗೆ ಬೀಗ ಬೇಕು. ತಕರಾರು ಇರುವುದು ಬೀಗದ ಕೈ ಯಾರ ಸೊಂಟದಲ್ಲಿದೆ ಎನ್ನುವುದಕ್ಕೆ.

2012ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳನ್ನು ತೋರಿಸಲು ಕಲಿತಿತ್ತು. ಅಂದರೆ ನಮ್ಮ ಫೋನು ಇಟ್ಟಿಗೆಯಾದ ಹೊತ್ತಿಗೆ ಕನ್ನಡ ಜಗತ್ತಿನಲ್ಲಿ ಎಲ್ಲೋ ತಯಾರಾಗಿತ್ತು. ನಮ್ಮ ಫೋನಿನ ಕಂಪನಿ ಅದನ್ನು ತಲುಪಿಸಲಿಲ್ಲ, ನಾವೇ ತಂದುಕೊಳ್ಳಲೂ ಬಿಡಲಿಲ್ಲ.

2013ರಲ್ಲಿ ಕೊಂಡಿಕ್ ಮತ್ತು ಕರ್ಟ್ ಮೆಕ್‌ಮಾಸ್ಟರ್ ಸೇರಿ ಸೈನೊಜೆನ್ ಹೆಸರಿನಲ್ಲೇ ಕಂಪನಿ ಮಾಡಿದರು. ಸಂಬಳವಿಲ್ಲದೆ ನಡೆದದ್ದು ಈಗ ವ್ಯಾಪಾರ. ಫೋನು ತಯಾರಿಸುವವರಿಗೆ ತಮ್ಮ ಸಾಫ್ಟ್‌ವೇರನ್ನು ಒಪ್ಪಂದದ ಮೇಲೆ ಕೊಡುವುದು ಅವರ ಯೋಚನೆ. ಅದೇ ವರ್ಷದ ಡಿಸೆಂಬರಿನಲ್ಲಿ ಚೀನಾದ ಶೆನ್‌ಜೆನ್‌ನಲ್ಲಿ ಪೀಟ್ ಲಾವ್ ಮತ್ತು ಕಾರ್ಲ್ ಪೈ ಒನ್‌ಪ್ಲಸ್ ಶುರು ಮಾಡಿದ್ದರು. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಿತ್ತು. 2014ರ ಏಪ್ರಿಲ್ 23ರಂದು ಹೊರಬಂದ 'ಒನ್‌ಪ್ಲಸ್ ಒನ್' ಫೋನಿನ ಬೆನ್ನಿನ ಮೇಲೆ ಸೈನೊಜೆನ್ ಹೆಸರನ್ನೇ ಅಚ್ಚು ಹಾಕಿದ್ದರು. ಈ ಅಚ್ಚನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅದೇ ವರ್ಷ ನಮ್ಮ ದೇಶದ ಫೋನ್ ಪೇಟೆ ಜಾತ್ರೆಯಂತಿತ್ತು. ಸೆಪ್ಟೆಂಬರಿನಲ್ಲಿ ಗೂಗಲ್ 'ಆಂಡ್ರಾಯ್ಡ್ ಒನ್' ಎಂಬ ಯೋಜನೆಯನ್ನು ಭಾರತದಿಂದಲೇ ಆರಂಭಿಸಿತು. ಮೈಕ್ರೋಮ್ಯಾಕ್ಸ್, ಸ್ಪೈಸ್ ಮತ್ತು ಕಾರ್ಬನ್ ಕಂಪನಿಗಳ ಫೋನುಗಳು, ಆರಂಭದ ಬೆಲೆ ₹6,399. ಕಾರ್ಬನ್‌ನಲ್ಲಿ ಬೆಂಗಳೂರಿನ ಯುಟಿಎಲ್ ಪಾಲುದಾರ, ಅಷ್ಟರ ಮಟ್ಟಿಗೆ ಅದು ನಮ್ಮದೂ ಹೌದು. ಇಲ್ಲಿ ಪೆಟ್ಟಿಗೆ ಕಂಪನಿಯದ್ದು, ಅಪ್‌ಡೇಟ್ ಕಳಿಸುವುದು ಗೂಗಲ್. ಒಳ್ಳೆಯ ಯೋಜನೆಯೇ. ಬೀಗದ ಕೈ ಮಾತ್ರ ಗೂಗಲ್ ಬಳಿ.

ಗುರುಗ್ರಾಮದ ಮೈಕ್ರೋಮ್ಯಾಕ್ಸ್ ಆಗ ಸಣ್ಣ ಕುಳ ಅಲ್ಲ. 2008ರಲ್ಲಿ ಒಮ್ಮೆ ಚಾರ್ಜ್ ಮಾಡಿದರೆ ತಿಂಗಳು ನಿಲ್ಲುತ್ತದೆ ಎಂಬ ಎಕ್ಸ್1ಐ ಫೋನಿನಿಂದ ಹಳ್ಳಿಗಳಿಗೆ ನುಗ್ಗಿದ ಕಂಪನಿ ಅದು. ಕರೆಂಟಿಲ್ಲದ ಊರಿಗೆ ಏನು ಬೇಕೆಂದು ಅದಕ್ಕೆ ಗೊತ್ತಿತ್ತು. 2014ರ ಸೆಪ್ಟೆಂಬರಿನಲ್ಲಿ ಮೈಕ್ರೋಮ್ಯಾಕ್ಸ್ ಸೈನೊಜೆನ್ ಜೊತೆ ಒಪ್ಪಂದ ಮಾಡಿಕೊಂಡಿತು: ಭಾರತದಲ್ಲಿ ಸೈನೊಜೆನ್ ತಮಗೆ ಮಾತ್ರ. ಆದರೆ ಅದಕ್ಕೂ ಮೊದಲೇ ಸೈನೊಜೆನ್ ಒನ್‌ಪ್ಲಸ್‌ಗೂ ಮಾತು ಕೊಟ್ಟಿತ್ತು. ಒಂದೇ ಸೈಟನ್ನು ಇಬ್ಬರಿಗೆ ಕ್ರಯ ಮಾಡಿಕೊಟ್ಟ ಹಾಗೆ.

ಡಿಸೆಂಬರ್ 2ರಂದು ಒನ್‌ಪ್ಲಸ್ ಒನ್ ಅಮೆಜಾನ್ ಮೂಲಕ ಭಾರತಕ್ಕೆ ಬಂತು. 64 ಜಿಬಿಯ ಫೋನಿಗೆ ₹21,999. ದುಡ್ಡಿದ್ದರೂ ಸಾಲದು, ಕೊಳ್ಳಲು ಕಂಪನಿಯ ಆಹ್ವಾನ ಬೇಕು! ಮದುವೆ ಊಟಕ್ಕೂ ನಮ್ಮ ಕಡೆ ಇಷ್ಟು ಬಿಗಿ ಇಲ್ಲ. ಡಿಸೆಂಬರ್ 16ರಂದು ಮೈಕ್ರೋಮ್ಯಾಕ್ಸ್‌ನ ಅರ್ಜಿಯ ಮೇಲೆ ದೆಹಲಿ ಹೈಕೋರ್ಟ್ ಸೈನೊಜೆನ್ ಇರುವ ಒನ್‌ಪ್ಲಸ್ ಫೋನಿನ ಮಾರಾಟಕ್ಕೆ ತಡೆ ಕೊಟ್ಟಿತು. ಎರಡು ದಿನ ಬಿಟ್ಟು, 18ರಂದು, ಮೈಕ್ರೋಮ್ಯಾಕ್ಸ್ ತನ್ನ ಹೊಸ 'ಯು' ಬ್ರ್ಯಾಂಡಿನ ಮೊದಲ ಫೋನು ಯುರೇಕಾವನ್ನು ಬಿಡುಗಡೆ ಮಾಡಿತು, ಸೈನೊಜೆನ್ ಸಮೇತ. ಬೆಲೆ ₹8,999.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಎರಡಕ್ಕೂ ಐದೂವರೆ ಇಂಚಿನ ಪರದೆ, ಮೇಲೆ ಗೊರಿಲ್ಲಾ ಗ್ಲಾಸ್ 3, ಹಿಂದೆ 13 ಮೆಗಾಪಿಕ್ಸೆಲ್ ಕ್ಯಾಮೆರಾ. ದೂರದಿಂದ ಅಣ್ಣತಮ್ಮಂದಿರು. ಹತ್ತಿರ ಹೋದರೆ ವ್ಯತ್ಯಾಸ ಕಾಣುತ್ತದೆ. ಒನ್‌ಪ್ಲಸ್‌ನಲ್ಲಿ ಸ್ನ್ಯಾಪ್‌ಡ್ರ್ಯಾಗನ್ 801, ಆ ವರ್ಷದ ದುಬಾರಿ ಫೋನುಗಳಲ್ಲಿದ್ದ ಚಿಪ್. 3 ಜಿಬಿ ರ‍್ಯಾಮ್, ಫುಲ್ ಎಚ್‌ಡಿ ಪರದೆ, 3,100 ಎಂಎಎಚ್ ಬ್ಯಾಟರಿ. ಯುರೇಕಾದಲ್ಲಿ ಸ್ನ್ಯಾಪ್‌ಡ್ರ್ಯಾಗನ್ 615. ಎಂಟು ಕೋರ್, 64 ಬಿಟ್ ಎಂದು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿದ್ದರು. ಎಂಟು ಎತ್ತು ಕಟ್ಟಿದರೆ ನಾಲ್ಕು ಎತ್ತಿನ ಗಾಡಿಗಿಂತ ವೇಗ ಎಂದು ನಂಬಿದವರು ಬಹಳ. ಎತ್ತು ಯಾವ ತಳಿ ಎಂದು ಯಾರೂ ಕೇಳಲಿಲ್ಲ. ನಾಲ್ಕೇ ಕೋರಿನ 801 ಹೆಚ್ಚು ಬಲಶಾಲಿ. ಯುರೇಕಾದ ರ‍್ಯಾಮ್ 2 ಜಿಬಿ, ಪರದೆ ಎಚ್‌ಡಿ, ಬ್ಯಾಟರಿ 2,500 ಎಂಎಎಚ್, ಒಳಗಿನ ಜಾಗ 16 ಜಿಬಿ.

ಒನ್‌ಪ್ಲಸ್‌ನ ಬೆನ್ನು ಮರಳುಗಲ್ಲಿನ ಹಾಗೆ ತರಿತರಿ, ಬೆವರಿದ ಕೈಯಿಂದಲೂ ಜಾರುವುದಿಲ್ಲ. ಒಳಗೆ ಗಟ್ಟಿ ಚೌಕಟ್ಟು. ಯುರೇಕಾ ಪ್ಲಾಸ್ಟಿಕ್, ಬೆನ್ನು ಅದೇ ತರಿಯ ಅನುಕರಣೆ. ಕಟ್ಟಿದ ಗುಣ ಒಂದನ್ನೇ ನೋಡಿದರೆ ಒನ್‌ಪ್ಲಸ್ ಗೆದ್ದಿತು ಎಂದು ಬರೆದು ಮುಗಿಸಬಹುದಿತ್ತು. ಪಟ್ಟಣದ ಪತ್ರಿಕೆಗಳು ಹಾಗೇ ಬರೆದವು.

ಊರಿನಲ್ಲಿ ಕೂತು ನೋಡಿದರೆ ಲೆಕ್ಕ ಬೇರೆ. ಒನ್‌ಪ್ಲಸ್‌ಗೆ ಒಂದೇ ಸಿಮ್, ಮೆಮೊರಿ ಕಾರ್ಡಿಗೆ ಜಾಗವಿಲ್ಲ, ಬ್ಯಾಟರಿ ತೆಗೆಯಲು ಬರುವುದಿಲ್ಲ. ಯುರೇಕಾಕ್ಕೆ ಎರಡು ಸಿಮ್. ತೋಟದಲ್ಲಿ ಸಿಗುವ ಬಿಎಸ್‌ಎನ್‌ಎಲ್ ಒಂದು ಕಡೆ, ಪೇಟೆಯಲ್ಲಿ ನೆಟ್ ಬರುವ ಇನ್ನೊಂದು ಕಡೆ. ಬೆನ್ನಿನ ಮುಚ್ಚಳ ಉಗುರಿನಿಂದ ತೆಗೆಯಬಹುದು, ಬ್ಯಾಟರಿ ಉಬ್ಬಿದರೆ ಬೇರೆ ಹಾಕಬಹುದು. ಆ ಕಾಲದಲ್ಲಿ ಜಾತ್ರೆ ವರದಿಗೆ ಹೋಗುವಾಗ ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇಟ್ಟುಕೊಂಡೇ ನಾವು ಹೋಗುತ್ತಿದ್ದದ್ದು. ಮೊಬೈಲ್ ಅಂಗಡಿಯಲ್ಲಿ ಕಾರ್ಡ್ ಕೊಟ್ಟು ಹಾಡು, ಸಿನಿಮಾ ತುಂಬಿಸಿಕೊಂಡು ಬರುತ್ತಿದ್ದ ಕಾಲವೂ ಹೌದು. ಸ್ವಾತಂತ್ರ್ಯ ಎಂದರೆ ಸಾಫ್ಟ್‌ವೇರ್ ಒಂದೇ ಅಲ್ಲ, ಸ್ಕ್ರೂ ಡ್ರೈವರ್ ಇಲ್ಲದೆ ಮುಚ್ಚಳ ತೆಗೆಯುವುದೂ ಸ್ವಾತಂತ್ರ್ಯವೇ ಎಂದು ನಾವು ಆಗಲೇ ವಾದ ಮಾಡುತ್ತಿದ್ದೆವು. ಈಗಲೂ ಮಾಡುತ್ತೇವೆ. ಇವತ್ತಿನ ಫೋನುಗಳಲ್ಲಿ ಆ ಮುಚ್ಚಳವೇ ಹೆಚ್ಚುಕಡಿಮೆ ಮಾಯ.

ಮೂರನೆಯದು ಬೀಗದ ವಿಚಾರ. ಇಲ್ಲಿ ಎರಡೂ ಫೋನು ಒಂದೇ ಸಾಲಿನಲ್ಲಿ ನಿಂತವು. ಎರಡರ ಬೂಟ್‌ಲೋಡರನ್ನೂ ಕೊಂಡವರೇ ತೆರೆಯಬಹುದಿತ್ತು. ಹಾಗೆ ಮಾಡಿದರೂ ವಾರಂಟಿ ಹೋಗುವುದಿಲ್ಲ ಎಂದು ಎರಡೂ ಕಂಪನಿ ಹೇಳಿದವು. 2012ರ ಸರ್ವಿಸ್ ಸೆಂಟರಿನ ಕೌಂಟರ್ ಮುಂದೆ ನಿಂತಿದ್ದ ನಮಗೆ ಆ ಒಂದು ಸಾಲು ಕ್ಯಾಮೆರಾ, ಚಿಪ್ಪು ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

2015ರ ಜನವರಿ 13, ಸಂಕ್ರಾಂತಿಯ ಎಳ್ಳು ಹುರಿಯುವ ಹೊತ್ತು. ಮಧ್ಯಾಹ್ನ ಎರಡಕ್ಕೆ ಯುರೇಕಾದ ಮೊದಲ ಮಾರಾಟ. ಬಸ್ ಸ್ಟ್ಯಾಂಡಿನ ಹಿಂದಿನ ಸೈಬರ್ ಸೆಂಟರಿನಲ್ಲಿ ಹೆಸರು ನೋಂದಾಯಿಸಿಕೊಂಡು ನಾವು ಕಾದು ಕೂತೆವು. ಪುಟ ತೆರೆಯುವ ಹೊತ್ತಿಗೆ ಖಾಲಿ. 10,000 ಫೋನು ಮೂರೇ ಸೆಕೆಂಡಿನಲ್ಲಿ ಮಾರಾಟವಾಯಿತು ಎಂದು ಆಮೇಲೆ ಕಂಪನಿ ಹೇಳಿಕೊಂಡಿತು. ನಮ್ಮ ಸೈಬರ್ ಸೆಂಟರಿನಲ್ಲಿ ಮೂರು ಸೆಕೆಂಡಿಗೆ ಗೂಗಲ್‌ನ ಬಣ್ಣದ ಹೆಸರೂ ಪೂರ್ತಿ ಬರುತ್ತಿರಲಿಲ್ಲ. ಐದಾರು ವಾರ ಬಿಟ್ಟು ಬೆಂಗಳೂರಿನಲ್ಲಿ ಓದುತ್ತಿದ್ದ ನಮ್ಮ ಗೆಳೆಯನ ತಮ್ಮ ಒಂದನ್ನು ಹಿಡಿದುಕೊಟ್ಟ.

ಕೋರ್ಟಿನ ತಡೆ ಬಹಳ ದಿನ ನಿಲ್ಲಲಿಲ್ಲ. ಡಿಸೆಂಬರ್ ಮುಗಿಯುವ ಮೊದಲೇ ವಿಭಾಗೀಯ ಪೀಠ ಅದನ್ನು ತೆರವು ಮಾಡಿತು. ಒನ್‌ಪ್ಲಸ್ ಮಾರಾಟ ಮುಂದುವರಿಯಿತು. ಆದರೆ ಆಗಬೇಕಾದದ್ದು ಆಗಿತ್ತು. ಯಾರು ಬೇಕಾದರೂ ಬಳಸಿ ಎಂದು ಹುಟ್ಟಿದ ಸಾಫ್ಟ್‌ವೇರ್, ಒಬ್ಬರಿಗೆ ಮಾತ್ರ ಎಂಬ ಕರಾರಿನ ಕಾಗದವಾಗಿ ನ್ಯಾಯಾಧೀಶರ ಮೇಜಿನ ಮೇಲೆ ಬಿದ್ದಿತ್ತು. ಫೋನಿನ ಬೆನ್ನಿನ ಮೇಲಿನ ಆ ಅಚ್ಚೇ ವ್ಯಾಜ್ಯದ ವಸ್ತು. ಸೈನೊಜೆನ್‌ಮಾಡ್‌ನ ಮೂಲ ಬರಹ ಆಗಲೂ ಎಲ್ಲರಿಗೂ ಉಚಿತವಾಗಿ ಸಿಗುತ್ತಿತ್ತು, ಯಾರೂ ಅದನ್ನು ತಡೆಯಲಿಲ್ಲ. ತಡೆ ಬಂದದ್ದು ಕಂಪನಿಯ ಹೆಸರಿನಲ್ಲಿ ಸಿದ್ಧವಾಗಿ ಬರುವ, ಅಪ್‌ಡೇಟ್ ಸಹಿತದ ಮಾಲಿಗೆ. ಮುಕ್ತ ಎಂಬ ಪದ ಈ ಎರಡಕ್ಕೂ ಅಂಟಿಕೊಂಡಿದ್ದರಿಂದ ಕೊಳ್ಳುವವರಿಗೆ ವ್ಯತ್ಯಾಸ ತಿಳಿಯಲಿಲ್ಲ. ನಮಗೂ ಆಗ ತಿಳಿದಿರಲಿಲ್ಲ, ಒಪ್ಪಿಕೊಳ್ಳುತ್ತೇವೆ.

ಒನ್‌ಪ್ಲಸ್ ಪಾಠ ಕಲಿಯಿತು. 2015ರ ಏಪ್ರಿಲಿನಲ್ಲಿ ಆಕ್ಸಿಜನ್ ಓಎಸ್ ಎಂಬ ಸ್ವಂತದ್ದನ್ನು ಹೊರತಂದಿತು, ಮುಂದಿನ ಫೋನಿನಿಂದ ಸೈನೊಜೆನ್ ಬಿಟ್ಟಿತು. ಅದೇ ಬೇಸಿಗೆಯಲ್ಲಿ ಯುರೇಕಾಕ್ಕೆ ಆಂಡ್ರಾಯ್ಡ್ 5ರ ಮೇಲೆ ಕಟ್ಟಿದ ಸೈನೊಜೆನ್ ಬಂತು. ಆಂಡ್ರಾಯ್ಡ್ 5 ಕನ್ನಡವನ್ನು ಬರೀ ತೋರಿಸುವುದಲ್ಲ, ಇಡೀ ಫೋನನ್ನೇ ಕನ್ನಡಕ್ಕೆ ತಿರುಗಿಸಲು ಬಿಡುತ್ತಿತ್ತು. ನಮ್ಮ ಗೆಳೆಯ ಭಾಷೆ ಬದಲಿಸಿ ಫೋನನ್ನು ತಾಯಿಯ ಕೈಗೆ ಕೊಟ್ಟ. ಸಂಘದ ಸಾಲ ತೆಗೆದಿದ್ದವರು ಅವರೇ. ಒಂದೊಂದೇ ಸಾಲು ಓದಿ, "ಇದು ಆಗ್ಲೇ ಹಿಂಗೆ ಬಂದಿದ್ರೆ ಏನಾಗ್ತಿತ್ತಪ್ಪ?" ಎಂದರು.

ಆ ಕಡೆ ಮೆಕ್‌ಮಾಸ್ಟರ್ ಗೂಗಲ್ ಕೈಯಿಂದ ಆಂಡ್ರಾಯ್ಡನ್ನೇ ಕಿತ್ತುಕೊಳ್ಳುತ್ತೇವೆ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಎರಡು ವರ್ಷ ತುಂಬಲಿಲ್ಲ. 2016ರ ಡಿಸೆಂಬರಿನಲ್ಲಿ ಸೈನೊಜೆನ್ ಕಂಪನಿ ತಿಂಗಳ ಕೊನೆಗೆ ಎಲ್ಲ ಸೇವೆ ನಿಲ್ಲಿಸುವುದಾಗಿ ಪ್ರಕಟಿಸಿತು. ಕೊಂಡಿಕ್ ಅಷ್ಟರಲ್ಲಿ ಹೊರಗೆ ಬಂದಿದ್ದರು. ಯಾವ ಹೆಸರಿಗಾಗಿ ಎರಡು ಕಂಪನಿಗಳು ದೆಹಲಿಯಲ್ಲಿ ವಕೀಲರನ್ನು ನಿಲ್ಲಿಸಿದ್ದವೋ ಆ ಹೆಸರು ಎರಡೇ ವರ್ಷಕ್ಕೆ ಮುಳುಗಿತು. ಯು ಬ್ರ್ಯಾಂಡ್ ಕೂಡ ನಿಧಾನವಾಗಿ ಅಂಗಡಿಗಳಿಂದ ಮರೆಯಾಯಿತು.

ಫೋನುಗಳು ಸಾಯಲಿಲ್ಲ. ಸೈನೊಜೆನ್‌ಮಾಡ್ ಕಟ್ಟುತ್ತಿದ್ದ ಸ್ವಯಂಸೇವಕರು ಅದೇ ವಾರ ಮೂಲ ಬರಹವನ್ನು ತೆಗೆದುಕೊಂಡು ಲಿನಿಯೇಜ್ ಓಎಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿದರು. ಹೆಸರು ಕಂಪನಿಯದ್ದು, ಕೆಲಸ ಎಲ್ಲರದ್ದು. ಹಾಗಾಗಿ ಹೆಸರು ಹೋದರೂ ಕೆಲಸ ಉಳಿಯಿತು. 2014ರಲ್ಲಿ ಆಂಡ್ರಾಯ್ಡ್ 4.4 ಜೊತೆ ಬಂದಿದ್ದ ಒನ್‌ಪ್ಲಸ್ ಒನ್‌ಗೆ 2021ರಲ್ಲಿ ಲಿನಿಯೇಜ್ ಮೂಲಕ ಆಂಡ್ರಾಯ್ಡ್ 11 ಸಿಕ್ಕಿತು. ಏಳು ವರ್ಷ! ಇಷ್ಟು ವರ್ಷ ಆ ಹಾರ್ಡ್‌ವೇರ್ ತಾಳಿಕೊಂಡಿತು ಎನ್ನುವುದೂ ನಿಜ. 801 ಚಿಪ್, 3 ಜಿಬಿ ರ‍್ಯಾಮ್ ಇಲ್ಲದಿದ್ದರೆ ಬಾಗಿಲು ತೆರೆದಿದ್ದರೂ ಒಳಗೆ ಜಾಗ ಇರುತ್ತಿರಲಿಲ್ಲ. ಗಟ್ಟಿ ಗೋಡೆ, ತೆರೆಯುವ ಬಾಗಿಲು ಎರಡೂ ಬೇಕು. ಯುರೇಕಾಕ್ಕೂ ಸ್ವಯಂಸೇವಕರ ಆವೃತ್ತಿಗಳು ಬಂದವು, ಅಷ್ಟು ದೂರ ಹೋಗಲಿಲ್ಲ.

ಸಾಫ್ಟ್‌ವೇರ್ ಹಳೆಯದಾದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. 2020ರ ಫೆಬ್ರವರಿ 1ರಂದು ವಾಟ್ಸ್ಆ್ಯಪ್ ಆಂಡ್ರಾಯ್ಡ್ 2.3.7 ಮತ್ತು ಅದಕ್ಕಿಂತ ಹಳೆಯ ಫೋನುಗಳಲ್ಲಿ ನಿಂತುಹೋಯಿತು. ನಮ್ಮ ಇಟ್ಟಿಗೆಯಾದ ಫೋನಿನ ಜೊತೆಯವು ಅವು. ಸ್ಪೀಕರ್ ಸರಿ ಇತ್ತು, ಪರದೆ ಸರಿ ಇತ್ತು, ಆದರೂ ಆ ದಿನದಿಂದ ಅರ್ಧ ಉಪಯೋಗ ಹೋಯಿತು.

ಇವತ್ತು ಬೀಗ ತೆರೆಯಿರಿ ಎಂದು ನಿಮಗೆ ಹೇಳುವ ಧೈರ್ಯ ನಮಗಿಲ್ಲ. ಬೂಟ್‌ಲೋಡರ್ ತೆರೆದ ಫೋನಿನಲ್ಲಿ ಹಲವು ಬ್ಯಾಂಕ್ ಆ್ಯಪ್‌ಗಳು ಓಡುವುದಿಲ್ಲ. ಹಾಲಿನ ಡೇರಿ ದುಡ್ಡು, ಪಿಂಚಣಿ ಎಲ್ಲ ಫೋನಿನಲ್ಲೇ ನೋಡುವ ಕಾಲದಲ್ಲಿ ಅದು ಸಣ್ಣ ಮಾತಲ್ಲ. ತೆರೆಯುವಾಗ ಫೋನಿನಲ್ಲಿದ್ದ ಫೋಟೊ, ನಂಬರ್ ಎಲ್ಲ ಅಳಿಸಿಯೂ ಹೋಗುತ್ತದೆ. ಆದರೆ ತೆರೆಯುವುದು ಬೇರೆ, ತೆರೆಯಲು ಬರುತ್ತದೆಯೇ ಎಂದು ತಿಳಿದುಕೊಳ್ಳುವುದು ಬೇರೆ. ಸೆಟ್ಟಿಂಗ್‌ನಲ್ಲಿ ಫೋನಿನ ಬಗೆಗಿನ ಮಾಹಿತಿಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ಎಂಬ ಪಟ್ಟಿ ತೆರೆಯುತ್ತದೆ. ಅದರಲ್ಲಿ ಓಇಎಂ ಅನ್‌ಲಾಕಿಂಗ್ ಎಂಬ ಸಾಲು ಇದೆಯೇ ನೋಡಿ. ನೋಡಿ ಅಷ್ಟೆ, ಒತ್ತಬೇಡಿ. ಆ ಸಾಲು ಇದ್ದರೂ ಕೆಲವು ಕಂಪನಿಗಳು ಮುಂದಿನ ಹಂತದಲ್ಲಿ ತಡೆಯುತ್ತವೆ. ಸಾಲೇ ಇಲ್ಲದಿದ್ದರೆ ಅಲ್ಲಿಗೆ ತಿಳಿಯಿತು.

ಇದನ್ನು ಬರೆಯುವ ಮುಂಚೆ ನಮ್ಮ ಬಳಗದ ಐದು ಫೋನುಗಳಲ್ಲಿ ನೋಡಿದೆವು. ಎರಡರಲ್ಲಿ ಇತ್ತು, ಎರಡರಲ್ಲಿ ಇರಲಿಲ್ಲ. ಒಂದರಲ್ಲಿ ಸಾಲು ಇದೆ, ಆದರೆ ಬಣ್ಣ ಮಾಸಿ ಒತ್ತಲು ಬಾರದ ಹಾಗಿದೆ. ಆ ಫೋನಿನ ಕಂತು ಇನ್ನೂ ನಾಲ್ಕು ಬಾಕಿ.